ಹಳೇ ಪ್ರವಾಸ ವೆಬ್‌ಸೈಟ್: ಮುಚ್ಚೋದಾ, ಉಳಿಸೋದಾ?

ಪ್ರಶ್ನೆ: ನಾನು ಶಿರಸಿಯವಳು. 2012ರಿಂದ ನನ್ನದೇ ಒಂದು ಪ್ರವಾಸದ ವೆಬ್‌ಸೈಟ್ ಇದೆ. ನಮ್ಮ ಜಿಲ್ಲೆಯ ಜಲಪಾತ, ಕಡಲತೀರ, ದೇವಸ್ಥಾನ, ಘಟ್ಟದ ದಾರಿ ಅಂತ ನೂರಕ್ಕೂ ಜಾಸ್ತಿ ಬರಹಗಳಿವೆ. ಪರಿಚಯದ ಹುಡುಗನೊಬ್ಬ ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಲ್ಲಿ ಮಾಡಿಕೊಟ್ಟಿದ್ದ. ಫೋಟೊಗಳನ್ನು ಬೇರೆ ಕಡೆ ಇಟ್ಟಿದ್ದೆ, ಆ ಸೇವೆಯೇ ನಿಂತುಹೋಗಿ ಈಗ ಹಳೇ ಪುಟಗಳಲ್ಲಿ ಚಿತ್ರವೇ ಇಲ್ಲ. ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಜಾಗದ) ಬಿಲ್ ವರ್ಷ ವರ್ಷ ಏರುತ್ತಿದೆ. ಬರೆದದ್ದರಲ್ಲಿ ಅರ್ಧ ಮಾಹಿತಿ ಹಳತಾಗಿದೆ. ಮಗ "ಆಯಿ, ಅದ್ನ ಮುಚ್ಚಿಬಿಡು, ಇನ್‌ಸ್ಟಾಗ್ರಾಂ ಮಾಡು" ಅನ್ನುತ್ತಾನೆ. ಮುಚ್ಚಬೇಕಾ? ಇಲ್ಲ ಅಂದರೆ ಇನ್ನೊಂದು ಹತ್ತು ವರ್ಷ ಇದನ್ನು ನಡೆಸೋದು ಹೇಗೆ?

ಉತ್ತರ: ಮುಚ್ಚಬೇಡಿ. ಹೊಸದಾಗಿ ಕಟ್ಟಲಿಕ್ಕೂ ಹೋಗಬೇಡಿ. ನಿಮ್ಮ ಹತ್ತಿರ ಇರುವುದನ್ನೇ ಸ್ವಲ್ಪ ಬಿಡಿಸಿ, ಬೇರೆ ಬೇರೆ ಮಾಡಿ ಇಟ್ಟರೆ ಸಾಕು. ಹೇಗೆ ಅಂತ ಕೆಳಗೆ ಬರೆದಿದ್ದೇನೆ, ಸ್ವಲ್ಪ ಉದ್ದ ಇದೆ.

ಮಗ ಹೇಳಿದ್ದು ಪೂರ್ತಿ ತಪ್ಪಲ್ಲ. ಜನ ಇರುವುದು ಅಲ್ಲೇ. ಆದರೆ 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೇ ಕಾಳಿ ಸೇತುವೆ ಕುಸಿದು ಬಿತ್ತಲ್ಲ, ಅದಕ್ಕೂ ಮೊದಲು ಆ ಸೇತುವೆ ಮೇಲೆ ತೆಗೆದ ವಿಡಿಯೋಗಳು ಈಗಲೂ ಹಾಗೇ ಓಡಾಡುತ್ತಿವೆ. ವಿಡಿಯೋ ಒಳಗೆ ಆಡಿದ ಮಾತನ್ನು ಆಮೇಲೆ ತಿದ್ದಲಿಕ್ಕೆ ಬರುವುದಿಲ್ಲ. ನಿಮ್ಮ ವೆಬ್‌ಸೈಟಿನಲ್ಲಿ ಆ ಒಂದು ಸಾಲನ್ನು ಎರಡು ನಿಮಿಷದಲ್ಲಿ ತಿದ್ದಬಹುದು, ಓದುವವರಿಗೆ ಅದೇ ವಿಳಾಸದಲ್ಲಿ ತಿದ್ದಿದ್ದು ಸಿಗುತ್ತದೆ. ಪ್ರವಾಸದ ಬರಹಕ್ಕೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಇನ್‌ಸ್ಟಾಗ್ರಾಂ ಬೇಕಿದ್ದರೆ ಮಗನೇ ನಡೆಸಲಿ, ಅಲ್ಲಿಂದ ನಿಮ್ಮ ಪುಟಕ್ಕೆ ಲಿಂಕ್ ಕೊಡಲಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓದುವವರ ಸಂಖ್ಯೆ 2012ರ ಹಾಗೆ ಆಗುತ್ತದೆ ಅಂತ ಕಾಯಬೇಡಿ. ಈಗ ಹುಡುಕಿದರೆ ಮೇಲ್ಗಡೆಯೇ ಎಐ ಬರೆದ ಉತ್ತರ ಬರುತ್ತದೆ, ಕ್ಲಿಕ್ ಮಾಡಿ ಒಳಗೆ ಬರುವವರು ಕಡಿಮೆಯಾಗಿದ್ದಾರೆ. ಬರುವವರು ಮಾತ್ರ ನಿಜವಾಗಿ ಹೊರಟವರು.

ಸರಿ, ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ಡೊಮೇನ್, ಅಂದರೆ ನಿಮ್ಮ ವೆಬ್‌ಸೈಟಿನ ಹೆಸರು, ಯಾರ ಖಾತೆಯಲ್ಲಿದೆ ಅಂತ ನೋಡಿ. "ಪರಿಚಯದ ಹುಡುಗ ಮಾಡಿಕೊಟ್ಟಿದ್ದ" ಅಂದಿರಿ, ಅಲ್ಲೇ ನನಗೆ ಸ್ವಲ್ಪ ಅನುಮಾನ. ಬಹಳ ಕಡೆ ಹೀಗೇ ಆಗಿರುತ್ತದೆ. ಹುಡುಗ ಒಳ್ಳೆಯವನೇ, ತನ್ನ ಇಮೇಲ್ ಹಾಕಿ ಡೊಮೇನ್ ಕೊಂಡಿರುತ್ತಾನೆ, ಆಮೇಲೆ ಬೆಂಗಳೂರಿಗೋ ದುಬೈಗೋ ಹೋಗಿ ನಂಬರ್ ಬದಲಾಗಿರುತ್ತದೆ. ಅವನಿಗೆ ಇವತ್ತೇ ಫೋನ್ ಮಾಡಿ ಡೊಮೇನನ್ನು ನಿಮ್ಮ ಖಾತೆಗೆ ವರ್ಗಾಯಿಸಿಕೊಳ್ಳಿ. ಆ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನಿನದ್ದು ಆಗಿರಬಾರದು. ಯಾಕೆಂದರೆ ಡೊಮೇನ್ ಅವಧಿ ಮುಗಿದರೆ ಆ ಇಮೇಲೂ ನಿಲ್ಲುತ್ತದೆ, "ಹಣ ಕಟ್ಟಿ" ಅನ್ನುವ ಪತ್ರ ನಿಮಗೆ ತಲುಪುವುದೇ ಇಲ್ಲ. ಡಾಟ್ ಕಾಮ್ ಆಗಿದ್ದರೆ ಅವಧಿ ಮುಗಿದ ಮೇಲೆ ಮಾರಿದವರು ಸ್ವಲ್ಪ ದಿನ ಕಾಯುತ್ತಾರೆ, ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಲಿಕ್ಕೆ ಅವಕಾಶ ಇರುತ್ತದೆ, ಅದೂ ಮುಗಿದರೆ 5 ದಿನಕ್ಕೆ ಯಾರು ಬೇಕಾದರೂ ಕೊಳ್ಳಬಹುದು. ಹಳೇ, ಹೆಸರು ಮಾಡಿದ ಡೊಮೇನ್‌ಗಳನ್ನು ಕಾದು ಹಿಡಿಯುವವರಿದ್ದಾರೆ. ನಿಮ್ಮ ಮಾರಿಕಾಂಬಾ ಜಾತ್ರೆಯ ಪುಟ ಇದ್ದ ವಿಳಾಸದಲ್ಲಿ ಆನ್‌ಲೈನ್ ಜೂಜಿನ ಜಾಹೀರಾತು ಬಂದರೆ ಹೇಗಿರುತ್ತದೆ ಯೋಚಿಸಿ. ಒಂದೇ ಸಲಕ್ಕೆ 10 ವರ್ಷದವರೆಗೂ ಹಣ ಕಟ್ಟಬಹುದು. ಕೈಲಾದರೆ ಕನಿಷ್ಠ ಐದು ವರ್ಷಕ್ಕೆ ಕಟ್ಟಿಬಿಡಿ.

ಇನ್ನು ಫೋಟೊ. ಯಾವ ಸೇವೆ ಅಂತ ನೀವು ಹೇಳಿಲ್ಲ, ಆದರೆ ಆ ಕಾಲದಲ್ಲಿ ಬಹಳ ಜನ ಪಿಕಾಸಾ ವೆಬ್ ಆಲ್ಬಮ್ ಬಳಸುತ್ತಿದ್ದರು. ಅದು 2016ರಲ್ಲಿ ನಿಂತಿತು. ನಿಮ್ಮದೂ ಅದೇ ಆಗಿದ್ದರೆ ಒಳ್ಳೇ ಸುದ್ದಿ ಇದೆ. ಅಲ್ಲಿದ್ದ ಚಿತ್ರಗಳು ಅಳಿಸಿಹೋಗಲಿಲ್ಲ, ಅದೇ ಖಾತೆಯ ಗೂಗಲ್ ಫೋಟೋಸ್‌ನಲ್ಲಿ ಕಾಣುವಂತೆ ಮಾಡಿದ್ದರು. ಪುಟಗಳಲ್ಲಿ ಹಾಕಿದ ಲಿಂಕ್ ಸತ್ತಿರಬಹುದು, ಚಿತ್ರ ಇನ್ನೂ ಇರಬಹುದು. ಆ ಹಳೇ ಜಿಮೇಲ್ ಖಾತೆಗೆ ತಡಮಾಡದೆ ಒಮ್ಮೆ ಲಾಗಿನ್ ಆಗಿ. ಎರಡು ವರ್ಷ ಯಾರೂ ತೆರೆಯದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಚಿತ್ರ ಸಿಕ್ಕಿದರೆ "ಟೇಕ್‌ಔಟ್" ಅನ್ನುವ ಸೌಲಭ್ಯದಿಂದ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಿ. ಬೇರೆ ಸೇವೆ ಆಗಿದ್ದರೆ ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮಷೀನ್‌ನಲ್ಲಿ ನಿಮ್ಮ ಪುಟದ ವಿಳಾಸ ಹಾಕಿ ನೋಡಿ. 2013, 2014ರಲ್ಲಿ ಆ ಪುಟ ಹೇಗಿತ್ತೋ ಹಾಗೇ ಸಿಗುವ ಸಾಧ್ಯತೆ ಇದೆ, ಕೆಲವು ಸಲ ಚಿತ್ರದ ಸಮೇತ. ಚಿತ್ರ ಚಿಕ್ಕದಿರಬಹುದು. ಇಲ್ಲದ್ದಕ್ಕಿಂತ ವಾಸಿ. ಮನೆಯಲ್ಲಿ ಹಳೇ ಡಿವಿಡಿಗೆ ಬರೆದಿಟ್ಟದ್ದಿದ್ದರೆ ಇನ್ನೊಂದು ಮಳೆಗಾಲ ಕಾಯದೆ ಈಗಲೇ ಓದಿಸಿ. ನಮ್ಮ ಕಡೆಯ ತೇವಕ್ಕೆ ಡಿವಿಡಿಗೂ ಬೂಸು ಹಿಡಿಯುತ್ತದೆ.

ಇನ್ನು ಮುಂದೆ ಚಿತ್ರಗಳನ್ನು ಬೇರೆಯವರ ಮನೆಯಲ್ಲಿ ಇಟ್ಟು ನಿಮ್ಮ ಪುಟದಲ್ಲಿ ತೋರಿಸುವ ಪದ್ಧತಿಯೇ ಬೇಡ. ಊರೂರಿನ ಫೋಟೊ ಹಾಕುವ ಪನೋರಾಮಿಯೋ ಸೇವೆ 2016ರಲ್ಲಿ ಹೋಯಿತು. ಫೋಟೊಬಕೆಟ್ 2017ರಲ್ಲಿ ಹಣ ಕೊಡದವರ ಚಿತ್ರಗಳನ್ನು ಬೇರೆ ವೆಬ್‌ಸೈಟಿನಲ್ಲಿ ತೋರಿಸುವುದನ್ನೇ ನಿಲ್ಲಿಸಿತು. 2018ರಲ್ಲಿ ಗೂಗಲ್ ತನ್ನ ಮ್ಯಾಪ್ ಬಳಸುವ ನಿಯಮ ಬದಲಿಸಿದಾಗ ಎಷ್ಟೋ ಸಣ್ಣ ಪ್ರವಾಸ ವೆಬ್‌ಸೈಟುಗಳ ನಕ್ಷೆ ಮಸುಕಾಗಿ ಮೇಲೆ ಇಂಗ್ಲಿಷ್ ಎಚ್ಚರಿಕೆ ಬಿತ್ತು. ಫ್ಲಾಶ್ ಅನ್ನುವ ಹಳೇ ತಂತ್ರಾಂಶದಲ್ಲಿ ಮಾಡಿದ ಚಿತ್ರಮಾಲೆಗಳು 2020ರ ಕೊನೆಗೆ ಒಟ್ಟಿಗೇ ಮುಗಿದವು. ಚಿತ್ರ ನಿಮ್ಮದೇ ಹೋಸ್ಟಿಂಗ್‌ನಲ್ಲಿ ಸಾದಾ ಜೆಪೆಗ್ ಆಗಿ ಇರಲಿ. ನಕ್ಷೆ ಬೇಕಾದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಉಚಿತ ನಕ್ಷೆಯಿಂದ ಒಂದು ಚಿತ್ರ ತೆಗೆದು, ಅವರ ಹೆಸರು ಕೆಳಗೆ ಹಾಕಿ ಸೇರಿಸಿ. ಕೈಯಲ್ಲಿ ಬರೆದ ನಕ್ಷೆ ಇನ್ನೂ ಚೆನ್ನ. "ಇಲ್ಲಿ ಅಶ್ವತ್ಥಕಟ್ಟೆ, ಇಲ್ಲಿಂದ ಎಡಕ್ಕೆ ಮಣ್ಣುರಸ್ತೆ" ಅಂತ ಯಾವ ಆ್ಯಪ್ ಹೇಳುತ್ತದೆ ಹೇಳಿ.

ಬಿಲ್ ಏರುತ್ತಿರುವುದಕ್ಕೂ ಚಿತ್ರಕ್ಕೂ ಸಂಬಂಧ ಇರಬಹುದು. ಫೋನಿನಿಂದ ನೇರ ಹಾಕಿದ ಚಿತ್ರ ಸುಮಾರು 4 ಎಂಬಿ ಇರುತ್ತದೆ. ಒಂದು ಪುಟಕ್ಕೆ 15 ಚಿತ್ರ ಅಂದರೆ 60 ಎಂಬಿ. ಅದನ್ನೇ ಉದ್ದದ ಬದಿ 1600 ಪಿಕ್ಸೆಲ್‌ಗೆ ಇಳಿಸಿ ಉಳಿಸಿದರೆ ಒಂದೊಂದು 300 ಕೆಬಿ ಆಸುಪಾಸು, ಪೂರ್ತಿ ಪುಟ 5 ಎಂಬಿ ಒಳಗೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ನಿಂತು ಒಂದು ಕಡ್ಡಿ ನೆಟ್‌ವರ್ಕ್‌ನಲ್ಲಿ ನಿಮ್ಮ ಪುಟ ತೆರೆಯುವವರಿಗೆ ಮಾತ್ರ ಪುಟ ಬೇಗ ತೆರೆದದ್ದು ಬಹಳ ಗೊತ್ತಾಗುತ್ತದೆ. ಮತ್ತೆ, ಬಿಲ್ಲನ್ನು ಒಮ್ಮೆ ಸಾಲು ಸಾಲಾಗಿ ಓದಿ. ಮೊದಲ ವರ್ಷದ ರಿಯಾಯಿತಿ ಹೋಗಿರುತ್ತದೆ, ಅದು ಮಾಮೂಲಿ. ಜೊತೆಗೆ ನೀವು ಕೇಳದ ಸೇವೆಗಳು ಸೇರಿರುತ್ತವೆ. ವಿಳಾಸದ ಪಕ್ಕ ಬೀಗದ ಗುರುತು ಬರಿಸುವ ಸರ್ಟಿಫಿಕೇಟ್‌ಗೆ ಇನ್ನೂ ಹಣ ತೆಗೆದುಕೊಳ್ಳುತ್ತಿದ್ದರೆ ಬೇಡ ಅನ್ನಿ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಬಂದ ಮೇಲೆ ಅದು ಉಚಿತವಾಗಿ ಸಿಗುತ್ತದೆ. ಸರ್ಟಿಫಿಕೇಟ್ ಮಾತ್ರ ಇರಲೇಬೇಕು, 2018ರ ಜುಲೈನಿಂದ ಕ್ರೋಮ್ ಅದಿಲ್ಲದ ವೆಬ್‌ಸೈಟುಗಳಿಗೆ "ಸುರಕ್ಷಿತವಲ್ಲ" ಅಂತ ತೋರಿಸುತ್ತಿದೆ.

ಇಷ್ಟು ಆದ ಮೇಲೆ ನಿಜವಾದ ಕೆಲಸ. ಹಳೇ ಬರಹಗಳನ್ನು ಏನು ಮಾಡುವುದು?

ಬಹಳ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಹಾಗೇ ಬಿಡುತ್ತಾರೆ, ಇಲ್ಲ ಹಳೇದನ್ನು ಅಳಿಸಿ ಹೊಸದಾಗಿ ಬರೆಯುತ್ತಾರೆ. ಎರಡೂ ನಷ್ಟವೇ. ಪ್ರವಾಸದ ಒಂದು ಬರಹದೊಳಗೆ ಎರಡು ಜಾತಿಯ ಮಾತುಗಳು ಕಲಸಿಹೋಗಿರುತ್ತವೆ. ಒಂದು, ಆ ದಿನ ನೀವು ಕಂಡದ್ದು, ಉಂಡದ್ದು, ಯಾರ ಹತ್ತಿರ ಏನು ಮಾತಾಡಿದಿರಿ ಅನ್ನೋದು. ಇನ್ನೊಂದು, ಮುಂದೆ ಹೋಗುವವರಿಗೆ ಬೇಕಾದ ದಾರಿ, ಹೊತ್ತು, ದರ, ಕಟ್ಟುಪಾಡು. ಮೊದಲನೆಯದನ್ನು ಮುಟ್ಟಲೇಬಾರದು. ಎರಡನೆಯದನ್ನು ಮುಟ್ಟುತ್ತಲೇ ಇರಬೇಕು. ಇವೆರಡನ್ನೂ ಬಿಡಿಸಿ ಒಂದೇ ಪುಟದಲ್ಲಿ ಎರಡು ಭಾಗ ಮಾಡಿ. ಮೇಲೆ ಒಂದು ಚೌಕಟ್ಟಿನೊಳಗೆ ಮಾಹಿತಿ, ಕೆಳಗೆ ನಿಮ್ಮ ಕಥೆ. ಕಥೆಯ ತಲೆಯಲ್ಲಿ ಹೋದ ತಿಂಗಳು, ವರ್ಷ. ಚೌಕಟ್ಟಿನ ಕೆಳಗೆ "ಕೊನೆಗೆ ಖಚಿತ ಮಾಡಿಕೊಂಡದ್ದು" ಅಂತ ಇನ್ನೊಂದು ತಾರೀಕು. ಅದರ ಪಕ್ಕದಲ್ಲಿ ಹೇಗೆ ಗೊತ್ತಾಯಿತು ಅನ್ನೋದನ್ನೂ ಎರಡು ಮಾತಿನಲ್ಲಿ ಹಾಕಿ, "ನಾನೇ ಹೋಗಿ ನೋಡಿದ್ದು" ಅಂತಲೋ "ಊರಿನವರನ್ನು ಫೋನಿನಲ್ಲಿ ಕೇಳಿದ್ದು" ಅಂತಲೋ. ಓದುವವರಿಗೆ ಎಷ್ಟು ನಂಬಬೇಕು ಅಂತ ತಿಳಿಯುತ್ತದೆ.

ಕಥೆಯನ್ನು ಯಾಕೆ ಮುಟ್ಟಬಾರದು? ಮುರುಡೇಶ್ವರದ 20 ಅಂತಸ್ತಿನ ರಾಜಗೋಪುರ ಉದ್ಘಾಟನೆ ಆದದ್ದು 2008ರಲ್ಲಿ. ಅದಕ್ಕೂ ಮೊದಲು ಅಲ್ಲಿಗೆ ಹೋಗಿ ಗೋಪುರವಿಲ್ಲದ ಗುಡ್ಡದ ಚಿತ್ರ ತೆಗೆದು, ಎರಡು ಪುಟ ಬರೆದಿಟ್ಟವರ ಹತ್ತಿರ ಇರುವುದು ಇವತ್ತು ಯಾರೂ ಹೊಸದಾಗಿ ಮಾಡಲಾಗದ ವಸ್ತು. ನೀವು 2013ರಲ್ಲಿ ಅಣಶಿ ಘಟ್ಟ ಹತ್ತಿದ್ದರೆ "ಅಣಶಿ ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶ" ಅಂತಲೇ ಬರೆದಿರುತ್ತೀರಿ. 2015ರಲ್ಲಿ ಅದಕ್ಕೆ ಕಾಳಿ ಅನ್ನುವ ಹೆಸರು ಬಂತು. ಕಥೆಯಲ್ಲಿ ಹಳೇ ಹೆಸರೇ ಇರಲಿ, ಆಗ ಇದ್ದದ್ದು ಅದೇ. ಚೌಕಟ್ಟಿನಲ್ಲಿ ಮಾತ್ರ ಕಾಳಿ ಅಂತ ಹಾಕಿ. ಎನ್‌ಎಚ್ 17 ಅಂತ ಬರೆದದ್ದಕ್ಕೂ ಅಷ್ಟೇ. ಕರಾವಳಿ ಹೆದ್ದಾರಿಗೆ 66 ಅನ್ನುವ ನಂಬರ್ ಬಂದ ಮೇಲೂ ನಮ್ಮ ಕಡೆ ಜನ ಎಷ್ಟೋ ವರ್ಷ 17 ಅಂತಲೇ ಅನ್ನುತ್ತಿದ್ದರು. ಕಥೆಯಲ್ಲಿ ಅದು ತಪ್ಪಲ್ಲ. ಚೌಕಟ್ಟಿನಲ್ಲಿ ತಪ್ಪು.

ಚೌಕಟ್ಟಿನೊಳಗೆ ಏನು ಹಾಕಬೇಕು ಅನ್ನುವುದರಲ್ಲೂ ಒಂದು ಜಾಣತನ ಇದೆ. ಬೇಗ ಹಳತಾಗುವ ಅಂಕಿಗಳನ್ನು ಆದಷ್ಟು ಹಾಕಲೇಬೇಡಿ. ಕೊಂಕಣ ರೈಲಿನ ಸಮಯ ಬರೆದಿಡುವವರನ್ನು ನೋಡಿದರೆ ನನಗೆ ಪಾಪ ಅನ್ನಿಸುತ್ತದೆ. ಆ ದಾರಿಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ, ಗಾಡಿಗಳು ನಿಧಾನ ಹೋಗುತ್ತವೆ, ಏಪ್ರಿಲ್‌ನಲ್ಲಿ ಬರೆದ ಸಮಯ ಜುಲೈಯಲ್ಲಿ ಕೆಲಸಕ್ಕೆ ಬರುವುದಿಲ್ಲ. "ಗೋಕರ್ಣ ರೋಡ್ ನಿಲ್ದಾಣ ಊರಿಂದ ದೂರ ಇದೆ, ರಾತ್ರಿ ಇಳಿದರೆ ರಿಕ್ಷಾ ಮೊದಲೇ ಹೇಳಿಟ್ಟುಕೊಳ್ಳಿ, ಸಮಯವನ್ನು ರೈಲ್ವೆಯವರಲ್ಲೇ ನೋಡಿ" ಅಂದರೆ ಆ ಸಾಲು ವರ್ಷಗಟ್ಟಲೆ ಬಾಳುತ್ತದೆ. ಬಸ್ಸಿನದ್ದೂ ಹೀಗೇ. ಶಿರಸಿಯಿಂದ ಎಷ್ಟು ಗಂಟೆಗೆ ಬಸ್ ಅನ್ನುವುದಕ್ಕಿಂತ, ಬಸ್ ಇಳಿದ ಮೇಲೆ ಎಷ್ಟು ನಡೆಯಬೇಕು, ಕೊನೇ ಬಸ್ ತಪ್ಪಿದರೆ ಗತಿಯೇನು ಅನ್ನೋದನ್ನು ಬರೆಯಿರಿ. ಪ್ರವೇಶ ಶುಲ್ಕ ಎಷ್ಟು ರೂಪಾಯಿ ಅನ್ನುವುದಕ್ಕಿಂತ "ಶುಲ್ಕ ಇದೆ, ನೆಟ್‌ವರ್ಕ್ ಸಿಗದಿದ್ದರೆ ಯುಪಿಐ ನಡೆಯಲ್ಲ, ಚಿಲ್ಲರೆ ಇಟ್ಟುಕೊಳ್ಳಿ" ಅನ್ನೋದು ಜಾಸ್ತಿ ಉಪಯೋಗ.

ಅಂಕಿ ಹಾಕುವ ಜಾಗದಲ್ಲಿ ಕಾರಣ ಹಾಕಿದರೆ ನಿಮಗೆ ತಿದ್ದುವ ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ. ನಿಮ್ಮೂರ ಮಾರಿಕಾಂಬಾ ಜಾತ್ರೆಯ ತಾರೀಕು ಬರೆದರೆ ಅದು ಆ ಸಲಕ್ಕೆ ಮಾತ್ರ. "ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, 2024ರಲ್ಲಿ ನಡೆದಿತ್ತು" ಅಂದರೆ ಓದುವವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ಸಹಸ್ರಲಿಂಗಕ್ಕೆ "ನವೆಂಬರ್‌ನಿಂದ ಮಾರ್ಚ್" ಅಂತ ಸುಮ್ನೆ ಹಾಕಿದರೆ ಅದು ಎಲ್ಲ ಕಡೆ ಇರುವ ಸಾಲು. ಮಳೆಗಾಲದಲ್ಲಿ ಶಾಲ್ಮಲಾ ತುಂಬಿ ಹರಿಯುತ್ತದೆ, ಲಿಂಗಗಳು ನೀರಿನಡಿ ಹೋಗುತ್ತವೆ, ನೀರು ಇಳಿದ ಮೇಲೆಯೇ ಕಾಣುತ್ತವೆ ಅಂತ ಬರೆದರೆ, ಮಳೆ ತಡವಾಗಿ ಮುಗಿದ ವರ್ಷ ಓದುಗರೇ ಒಂದು ತಿಂಗಳು ಮುಂದೆ ಹಾಕುತ್ತಾರೆ. ಉಂಚಳ್ಳಿಯದ್ದು ಇದರ ಉಲ್ಟಾ. 116 ಮೀಟರ್ ಧುಮುಕುವ ಅಘನಾಶಿನಿಯನ್ನು ನೋಡಲು ಜೋರು ಮಳೆಯಲ್ಲಿ ಹೋದರೆ ಮಂಜು ಮುಚ್ಚಿ ಸದ್ದು ಮಾತ್ರ ಕೇಳಿ ಬರಬೇಕಾಗಬಹುದು, ಬೇಸಿಗೆ ಕೊನೆಗೆ ಹೋದರೆ ನೀರೇ ಸಣ್ಣದಾಗಿರುತ್ತದೆ, ಆದ್ದರಿಂದ ಮಳೆ ಬಿಟ್ಟ ಹೊಸತರಲ್ಲಿ ಹೋಗಿ. ನೇತ್ರಾಣಿ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಯಾಕೆ ಹೋಗುವುದಿಲ್ಲ ಅನ್ನುವುದಕ್ಕೆ ಕಡಲು ಹೇಗಿರುತ್ತದೆ ಅಂತ ಎರಡು ಸಾಲು ಸಾಕು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೂ ಇಳಿಯುವುದಿಲ್ಲ ಅಂತ ಸೇರಿಸಿದರೆ ಆ ಹೊತ್ತಿಗೆ ಕರಾವಳಿಯ ಊಟದಲ್ಲಿ ತಾಜಾ ಮೀನು ಯಾಕೆ ಕಡಿಮೆ ಅನ್ನೋದೂ ಗೊತ್ತಾಗುತ್ತದೆ.

ದಾರಿಯ ವಿಷಯಕ್ಕೆ ಮಾತ್ರ ಉದಾಸೀನ ಬೇಡ. ಘಟ್ಟದ ಮೇಲಿನವರು, ಕೆಳಗಿನವರು ಇಬ್ಬರಿಗೂ ಇದು ಗೊತ್ತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿ ದಿನಗಟ್ಟಲೆ ಸುತ್ತು ಬಳಸಬೇಕಾಯಿತು. ಪ್ರತಿ ಪುಟದಲ್ಲೂ ಒಂದು ಬದಲಿ ದಾರಿ ಇರಲಿ. "ದೇವಿಮನೆ ಬಂದ್ ಇದ್ದರೆ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟದಲ್ಲಿ ಅಂಕೋಲಾಕ್ಕೆ ಇಳಿಯಿರಿ" ಅನ್ನುವ ಒಂದು ಸಾಲು ಬೆಂಗಳೂರಿನಿಂದ ಬಂದವರಿಗೆ ಹತ್ತು ಚಿತ್ರಕ್ಕಿಂತ ದೊಡ್ಡದು. ಅಪಾಯದ ಮಾತು ಚೌಕಟ್ಟಿನ ಮೊದಲ ಸಾಲಿನಲ್ಲೇ ಬರಲಿ, ಕೊನೆಗಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ತೀರಿಕೊಂಡರು. ಅದು ಮಳೆಗಾಲವೂ ಅಲ್ಲ. "ಸುಂದರ ಕಡಲತೀರ" ಅಂತ ಮೂರು ಪ್ಯಾರಾ ಬರೆದು ಕೊನೆಗೆ "ಎಚ್ಚರವಿರಲಿ" ಅನ್ನುವ ರೂಢಿ ಇದೆಯಲ್ಲ, ಅದನ್ನು ಬಿಟ್ಟುಬಿಡಿ.

ಹಳೇ ಪುಟ ತಿರುವುವಾಗ ಕೆಲವನ್ನು ತೆಗೆಯಲೂ ಬೇಕಾಗುತ್ತದೆ. ಹೋಂಸ್ಟೇ ನಡೆಸುವವರ, ದಾರಿ ತೋರಿಸಿದವರ ಫೋನ್ ನಂಬರ್ ಹಾಕಿದ್ದರೆ ಅವರನ್ನು ಇನ್ನೊಮ್ಮೆ ಕೇಳಿ. ಹತ್ತು ವರ್ಷದ ಹಿಂದೆ ಹೂಂ ಅಂದವರಿಗೆ ಈಗ ಬೇಡವಾಗಿರಬಹುದು. ಯಾರದೋ ಅಡಿಕೆ ತೋಟದ ಅಂಚಿನಿಂದ ಹೋಗುವ ಸಣ್ಣ ಜಲಪಾತದ ದಾರಿಯನ್ನು ಇಂಚಿಂಚು ಬರೆದಿದ್ದರೆ ಆ ಮನೆಯವರಿಗೆ ವಾರಾಂತ್ಯ ಬಂತೆಂದರೆ ಏನು ಪಾಡಾಗಿರುತ್ತದೆ ನಿಮಗೆ ನಾನು ಹೇಳಬೇಕಾಗಿಲ್ಲ. ಚಿತ್ರ ಇರಲಿ, ದಾರಿ ತೆಗೆಯಿರಿ. ಕಾರವಾರದ ಕಡೆ ಬಂದಾಗ ಇನ್ನೊಂದು. 2005ರಿಂದ ಇಲ್ಲಿ ನೌಕಾದಳದ ಐಎನ್‌ಎಸ್ ಕದಂಬ ನೆಲೆ ಇದೆ. ಅದರ ಸುತ್ತಮುತ್ತ ಚಿತ್ರ, ಡ್ರೋನ್ ಅಂತ ಸಾಹಸಕ್ಕೆ ಹೋಗಬೇಡಿ, ಹೋದವರ ವಿಡಿಯೋಗೆ ಲಿಂಕ್ ಕೂಡ ಕೊಡಬೇಡಿ. ಹಡಗು ನೋಡಬೇಕು ಅನ್ನುವವರಿಗೆ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ವಸ್ತುಸಂಗ್ರಹಾಲಯ ಇದೆ, ಪಕ್ಕಕ್ಕೆ ಟುಪೊಲೆವ್ ವಿಮಾನವೂ ಬಂದಿದೆ. ಚಪಲ್ ಬಗ್ಗೆ ನಿಮ್ಮಲ್ಲಿ ಹಳೇ ಪುಟ ಇದ್ದರೆ ಚೌಕಟ್ಟಿಗೆ ವಿಮಾನ ಸೇರಿಸಿ.

ವಿಳಾಸದ ಬಗ್ಗೆ ಒಂದು ಮಾತು. ವರ್ಡ್‌ಪ್ರೆಸ್‌ನಲ್ಲಿ ಕನ್ನಡದ ತಲೆಬರಹ ಕೊಟ್ಟರೆ ಪುಟದ ವಿಳಾಸವೂ ಕನ್ನಡದಲ್ಲೇ ಆಗಿಬಿಡುತ್ತದೆ. ನೋಡಲಿಕ್ಕೆ ಚಂದ. ಆದರೆ ವಾಟ್ಸಾಪ್‌ಗೆ ಹಾಕಿದಾಗ ಒಂದೊಂದು ಕನ್ನಡ ಚಿಹ್ನೆ ಶೇಕಡಾ ಗುರುತು, ಅಂಕಿ, ಇಂಗ್ಲಿಷ್ ಅಕ್ಷರ ಸೇರಿ ಒಂಬತ್ತು ಮನೆ ತಿನ್ನುತ್ತದೆ. "ಉಂಚಳ್ಳಿ" ಅನ್ನುವುದರಲ್ಲಿ ಒತ್ತು, ಗುಡಿಸು ಎಲ್ಲ ಸೇರಿ ಏಳು ಚಿಹ್ನೆ, ಹಾಗಾಗಿ 63 ಅಕ್ಷರದ ಸರಮಾಲೆ. ಪೂರ್ತಿ ತಲೆಬರಹ ಆದರೆ ಕೇಳಲೇಬೇಡಿ, ಅರ್ಧಕ್ಕೆ ಕತ್ತರಿಸಿ ಲಿಂಕ್ ಕೆಡುತ್ತದೆ. ಹೊಸ ಪುಟಗಳಿಗೆ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಕೊಡಿ. ಹಳೇ ವಿಳಾಸಗಳನ್ನು ಬದಲಿಸಲೇಬೇಡಿ, ಯಾರ್ಯಾರೋ ಎಲ್ಲೆಲ್ಲೋ ಲಿಂಕ್ ಕೊಟ್ಟಿರುತ್ತಾರೆ. ಬದಲಿಸಲೇಬೇಕು ಅಂದರೆ ಹಳೇ ವಿಳಾಸಕ್ಕೆ ಬಂದವರು ಹೊಸದಕ್ಕೆ ತಾನಾಗಿ ಹೋಗುವಂತೆ ರೀಡೈರೆಕ್ಟ್ ಹಾಕಿಸಿ. ಹಾಗೇ, ಒಂದು ಜಾಗಕ್ಕೆ ಜನ ಕರೆಯುವ ಹೆಸರೆಲ್ಲವೂ ಪುಟದಲ್ಲಿ ಎಲ್ಲಾದರೂ ಒಮ್ಮೆ ಬರಲಿ. ಉಂಚಳ್ಳಿಯನ್ನು ಕೆಪ್ಪ ಜೋಗ ಅಂತ, ಲುಷಿಂಗ್ಟನ್ ಅಂತ ಹುಡುಕುವವರೂ ಇದ್ದಾರೆ. ಘಟ್ಟದ ಮೇಲೆ ಬೇಡ್ತಿ ಅಂದದ್ದು ಕೆಳಗೆ ಗಂಗಾವಳಿ. ಶಿರಸಿ, ಸಿರ್ಸಿ ಎರಡೂ ಹಾಕಿ.

ವರ್ಡ್‌ಪ್ರೆಸ್ ಬಿಡಬೇಕಾ? ನಿಮಗೆ ಒಗ್ಗಿದ್ದರೆ ಬೇಡ. ಆದರೆ ಹೊರೆ ಇಳಿಸಿ. ಪ್ಲಗಿನ್‌ಗಳ, ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸಿದ ಪುಟ್ಟ ತಂತ್ರಾಂಶಗಳ, ಪಟ್ಟಿ ತೆಗೆದು, ಇದು ಏನು ಮಾಡುತ್ತದೆ ಅಂತ ನಿಮಗೆ ಹೇಳಲಿಕ್ಕೆ ಬಾರದ್ದನ್ನೆಲ್ಲ ಒಂದೊಂದಾಗಿ ನಿಲ್ಲಿಸಿ ನೋಡಿ, ಏನೂ ಕೆಡದಿದ್ದರೆ ಅಳಿಸಿ. ವೆಬ್‌ಸೈಟ್‌ಗೆ ಕಳ್ಳರು ನುಗ್ಗುವುದು ಬಹುಪಾಲು ಹಳೇ ಪ್ಲಗಿನ್, ಹಳೇ ಥೀಮ್ (ವೆಬ್‌ಸೈಟಿನ ವಿನ್ಯಾಸ) ಮೂಲಕವೇ. ಹಾರುವ, ತಿರುಗುವ, ಜಾರುವ ಅಲಂಕಾರದ ಥೀಮ್ ಇದ್ದರೆ ವರ್ಡ್‌ಪ್ರೆಸ್ ಜೊತೆಗೇ ಬರುವ ಸಾದಾ ಥೀಮ್ ಹಾಕಿಕೊಳ್ಳಿ. ಇನ್ನೂ ಕಡಿಮೆ ಖರ್ಚು ಬೇಕು, ಜೊತೆಗೆ ಕೂತು ಮಾಡಲು ಯಾರಾದರೂ ಇದ್ದಾರೆ ಅಂದರೆ ಪೂರ್ತಿ ವೆಬ್‌ಸೈಟನ್ನು ಸಾದಾ ಎಚ್‌ಟಿಎಂಎಲ್ ಪುಟಗಳಾಗಿ ಮಾಡಿ ಗಿಟ್‌ಹಬ್ ಪೇಜಸ್‌ನಂಥ ಕಡೆ ಉಚಿತವಾಗಿ ಇಡಬಹುದು. ಅಲ್ಲಿ 1 ಜಿಬಿ ಮಿತಿ ಇದೆ, ಚಿತ್ರ ಸಣ್ಣದು ಮಾಡಿದ್ದರೆ ನಿಮ್ಮ ಬರಹಗಳು ಆರಾಮಾಗಿ ಹಿಡಿಯುತ್ತವೆ. ಆಗ ವರ್ಷಕ್ಕೆ ಕಟ್ಟಬೇಕಾದ್ದು ಡೊಮೇನಿನ ಹಣ ಮಾತ್ರ. ತೊಂದರೆ ಏನೆಂದರೆ, ಫೋನಿನಿಂದಲೇ ಒಂದು ಸಾಲು ತಿದ್ದಿ ಬಿಡುವ ಸುಲಭ ಅಲ್ಲಿ ಇಲ್ಲ. ತಿದ್ದುವುದೇ ಮುಖ್ಯ ಕೆಲಸ ಅಂತ ಇಷ್ಟೊತ್ತು ಹೇಳಿದ ಮೇಲೆ, ತಿದ್ದಲಿಕ್ಕೆ ಕಷ್ಟ ಆಗುವ ಕಡೆ ಕಳಿಸಲು ನನಗೆ ಮನಸ್ಸಿಲ್ಲ. ಹಳೇ ಬರಹಗಳೇನಾದರೂ ಕಂಪ್ಯೂಟರಿನಲ್ಲಿ "ನುಡಿ", "ಬರಹ" ಅನ್ನುವ ಕನ್ನಡ ತಂತ್ರಾಂಶಗಳ ಹಿಂದಿನ ಫಾಂಟ್‌ಗಳಲ್ಲಿ ಉಳಿದಿದ್ದರೆ ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್‌ಗೆ ಈಗಲೇ ಬದಲಿಸಿಕೊಳ್ಳಿ. ಆ ಫಾಂಟ್ ಇಲ್ಲದ ಕಡೆ ಅದು ಓದಲಿಕ್ಕೆ ಬರುವುದೇ ಇಲ್ಲ.

ವರ್ಷಕ್ಕೆ ಎರಡು ಸಲ ಕೂತರೆ ಸಾಕು, ಮೇ ಕೊನೆಗೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ. ಮಳೆಗೆ ಮುಂಚೆ ಕೂತು ಅಡಿಕೆಗೆ ಕೊಳೆ ಔಷಧಿ ಹೊಡೆದ ಹಾಗೆ ಎಲ್ಲ ಪುಟದ ಅಪಾಯದ ಸಾಲು, ಬದಲಿ ದಾರಿ ನೋಡಿಬಿಡಿ. ಮಳೆ ಮುಗಿದ ಮೇಲೆ ಯಾವ ರಸ್ತೆ ಕುಸಿಯಿತು, ಯಾವುದು ತೆರೆಯಿತು ಅಂತ ನಾಲ್ಕು ಜನರನ್ನು ಕೇಳಿ ಚೌಕಟ್ಟು ತಿದ್ದಿ. ಆ ಎರಡು ದಿನವೇ ಬ್ಯಾಕಪ್ ಕೂಡ ತೆಗೆಯಿರಿ. ಒಂದು ಪ್ರತಿ ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ, ಮಗನ ಹತ್ತಿರ ಅಂದುಕೊಳ್ಳಿ. ಸಿಡಿಲು ಹೊಡೆದರೆ ಒಂದೇ ಮನೆಯ ಎರಡೂ ಪ್ರತಿ ಒಟ್ಟಿಗೇ ಹೋಗುತ್ತವೆ. ತೆಗೆದ ಬ್ಯಾಕಪ್ಪನ್ನು ಬಿಚ್ಚಿ ಒಂದು ಬರಹ, ಒಂದು ಚಿತ್ರ ತೆರೆಯುತ್ತದಾ ಅಂತ ನೋಡಿ. ಇದನ್ನು ಯಾರೂ ನೋಡುವುದಿಲ್ಲ. ಮುಖ್ಯವಾದ ಪುಟಗಳ ವಿಳಾಸವನ್ನು ವೇಬ್ಯಾಕ್ ಮಷೀನ್‌ಗೂ ಕೊಟ್ಟುಬಿಡಿ, ಅಲ್ಲೊಂದು ಪ್ರತಿ ಪುಕ್ಕಟೆ ಕೂರುತ್ತದೆ.

ನೂರು ಪುಟ ಒಟ್ಟಿಗೆ ಸರಿ ಮಾಡಲು ಕೂತರೆ ಮೂರನೇ ಪುಟಕ್ಕೆ ಬೇಜಾರು ಬರುತ್ತದೆ. ಯಾವ ಪುಟಗಳಿಗೆ ಜನ ಜಾಸ್ತಿ ಬರುತ್ತಾರೆ ಅಂತ ನೋಡಿ, ಯಾಣ, ಗೋಕರ್ಣ, ಸಾತೊಡ್ಡಿ ಹೀಗೆ ಒಂದು ಹತ್ತು ಇರುತ್ತವೆ, ಅವನ್ನು ಮಾತ್ರ ಈ ಸಲ ಚೌಕಟ್ಟು ಹಾಕಿ ಸರಿ ಮಾಡಿ. ಉಳಿದವಕ್ಕೆಲ್ಲ ಸದ್ಯಕ್ಕೆ ತಲೆಯಲ್ಲಿ ಒಂದೇ ಸಾಲು ಸಾಕು: "ಇದು ಇಂಥ ವರ್ಷದ ಪ್ರವಾಸ. ದಾರಿ, ದರ ಈಗ ಬೇರೆ ಇರಬಹುದು." ಇದನ್ನು ಒಂದೊಂದಾಗಿ ಹಾಕಬೇಕಾಗಿಲ್ಲ. ಬರಹದ ವರ್ಷ ನೋಡಿ ಹಳೇ ಪುಟಗಳಿಗೆಲ್ಲ ತಾನಾಗಿ ಹಾಕುವ ನಾಲ್ಕು ಸಾಲಿನ ಕೋಡ್ ವರ್ಡ್‌ಪ್ರೆಸ್ ಬಲ್ಲ ಯಾರನ್ನು ಕೇಳಿದರೂ ಬರೆದುಕೊಡುತ್ತಾರೆ, ಡೊಮೇನ್ ವರ್ಗಾಯಿಸಲು ಆ ಹುಡುಗನಿಗೆ ಹೇಗೂ ಫೋನ್ ಮಾಡುತ್ತೀರಲ್ಲ, ಇದನ್ನೂ ಆಗಲೇ ಕೇಳಿಬಿಡಿ.